ಶರೀಫಜ್ಜನ ಆಲ್ಬಂ ಕೇಳಿದ್ದೀರಾ?

ವಿದ್ಯಾನಗರದಲ್ಲಿ ನಮ್ಮದು ಮೂರು ಜನರ ರೂಮು. ಸಹ್ಯಾದ್ರಿ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ, ಬರಿಗೈಲಿ ಊರಿಗೆ ಹೋಗಲು ಮನಸ್ಸಾಗದೆ, ಇಲ್ಲೇ ಉಳಿದು ಪರೀಕ್ಷೆಗಳಿಗೆ ಓದುತ್ತಿರುವವರು ನಾವು. ಒಬ್ಬ ಭದ್ರಾವತಿಯವನು, ಒಬ್ಬ ಹಾವೇರಿ ಜಿಲ್ಲೆಯ ಸವಣೂರು ಕಡೆಯವನು, ನಾನು ತೀರ್ಥಹಳ್ಳಿ ಹತ್ತಿರದವನು. ವಾರವಿಡೀ ಸಾಮಾನ್ಯ ಜ್ಞಾನ, ಸಂವಿಧಾನ, ಮಾನಸಿಕ ಸಾಮರ್ಥ್ಯ ಅಂತ ತಲೆ ಕೆಡಿಸಿಕೊಳ್ಳುವ ನಮಗೆ ಶನಿವಾರ ರಾತ್ರಿ ಮಾತ್ರ ರಜೆ. ಆವತ್ತು ಒಬ್ಬೊಬ್ಬರ ಸರದಿಯಂತೆ ಒಂದು ಆಲ್ಬಂ ಸೂಚಿಸಬೇಕು. ಸಿನಿಮಾ ಹಾಡು ನಡೆಯುವುದಿಲ್ಲ. ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮ ಪಾಡಿಗೆ ತಾವು ಹಾಡುವ ಇಂಡೀ ಬ್ಯಾಂಡ್‌ಗಳಿಗೆ ಮೊದಲ ಆದ್ಯತೆ. ಮೊದಲ ಹಾಡಿನಿಂದ ಕೊನೆಯವರೆಗೆ ಯಾವುದನ್ನೂ ದಾಟಿಸುವಂತಿಲ್ಲ. ಸ್ಪೀಕರ್ ಇಲ್ಲವಲ್ಲ, ಮೊಬೈಲನ್ನು ಸ್ಟೀಲ್ ಚೊಂಬಿನೊಳಗೆ ಇಟ್ಟರೆ ಸಾಕು, ರೂಮು ತುಂಬುತ್ತದೆ.

ಒಂದು ಶನಿವಾರ ಭದ್ರಾವತಿಯ ಗೆಳೆಯ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಹಾಕಿದ. 2008ರದು. ಹೊಸದು ಅಂತ ಹೇಳಿ ಅವನು ತಂದದ್ದು ಹೊರಬಂದಾಗ ನಾವು ಇನ್ನೂ ಅಂಗನವಾಡಿ ದಾಟಿರಲಿಲ್ಲ ಅನ್ನುವುದು ಬೇರೆ ಮಾತು. ಅದರಲ್ಲಿ ಗುಡುಗುಡಿಯ ಹಾಡು ಬಂತು. ಗಿಟಾರು, ಡ್ರಮ್ಮು, ವಯಲಿನ್ನು, ಮೇಲೆ ಗಂಟಲು ಬಿಚ್ಚಿದ ದನಿ. ಗುಡುಗುಡಿ ಅಂದರೆ ಹುಕ್ಕಾ. ಸೇದುವವರಿಗಾಗಿಯೇ ಬರೆದ ಮಸ್ತಿ ಹಾಡು ಅಂತ ತಿಳಿದು ನಮ್ಮವನು ಅದನ್ನು ಸ್ಟೇಟಸ್‌ಗೂ ಹಾಕಿಬಿಟ್ಟ. ಸವಣೂರಿನವನು ಮೂಲೆಯಲ್ಲಿ ಮಲಗಿದ್ದವನು ಎದ್ದು ಕೂತ. ಅದು ನಮ್ಮ ಶರೀಫಜ್ಜನ ಪದ, ನಮ್ಮೂರ ಭಜನಾ ಮೇಳದಲ್ಲಿ ದಮ್ಮಡಿ ಹಿಡಿದು ಇದನ್ನೇ ಹಾಡುತ್ತಾರೆ, ಇದರಲ್ಲಿ ತಂಬಾಕು ಎಲ್ಲಿಯೂ ಇಲ್ಲ ಅಂತ ಅವನ ವಾದ. ಮನಸ್ಸೇ ಚೀಲ, ಮೋಹವೇ ಸೇದಿ ಸುಡಬೇಕಾದ ಸೊಪ್ಪು ಅಂತ ಅವನು ಬಿಡಿಸಿ ಹೇಳಿದಾಗ ಭದ್ರಾವತಿಯವನು ಮೆಲ್ಲಗೆ ಸ್ಟೇಟಸ್ ತೆಗೆದ.

ಶರೀಫರ ಬಗ್ಗೆ ನನಗೆ ಗೊತ್ತಿದ್ದದ್ದು ಪಠ್ಯಪುಸ್ತಕದಲ್ಲಿ ಬಂದಷ್ಟೇ. ಕರ್ನಾಟಕದ ಕಬೀರ ಎಂಬ ಒಂದು ಬಿರುದು, ಹುಟ್ಟಿದ ಊರು, ಕಾಲ. ಆವತ್ತಿನಿಂದ ಹುಡುಕಿ ಓದತೊಡಗಿದೆ. ಪರೀಕ್ಷೆಗೆ ಓದುವುದಕ್ಕಿಂತ ಹೆಚ್ಚೇ ಓದಿದೆ ಅನ್ನಿ.

ಶರೀಫರು ಹುಟ್ಟಿದ್ದು 1819ರಲ್ಲಿ, ಇಂದಿನ ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ. ಜನರ ಬಾಯಲ್ಲಿ ಅದು ಶಿಶುನಾಳ. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಬಹಳ ಕಾಲ ಮಕ್ಕಳಿಲ್ಲದ ಈ ದಂಪತಿಗೆ ಹುಲಗೂರಿನ ಸಂತ ಹಜರೇಶ ಖಾದರಿಯವರ ಹರಕೆಯಿಂದ ಮಗ ಹುಟ್ಟಿದ ಎಂದು ಆ ಸೀಮೆಯ ನಂಬಿಕೆ. ಇಟ್ಟ ಹೆಸರು ಮಹಮ್ಮದ್ ಶರೀಫ. ಅವರು ಹುಟ್ಟುವ ಹಿಂದಿನ ವರ್ಷವಷ್ಟೇ ಪೇಶ್ವೆಗಳ ಆಳ್ವಿಕೆ ಮುಗಿದು ಧಾರವಾಡ ಸೀಮೆ ಕಂಪನಿ ಸರ್ಕಾರದ ಕೈಗೆ ಬಂದಿತ್ತು. ಅವರಿಗೆ ಐದು ವರ್ಷವಾದಾಗ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮ ಯುದ್ಧಕ್ಕೆ ನಿಂತಿದ್ದಳು. ಮೂವತ್ತೊಂಬತ್ತರ ಆಸುಪಾಸಿನಲ್ಲಿ ನರಗುಂದದ ಬಂಡಾಯ ಅವರ ಊರಿನಿಂದ ಹೆಚ್ಚು ದೂರವಲ್ಲದ ಕಡೆ ನಡೆದು ಅಡಗಿತು. ಐವತ್ತೇಳು ದಾಟುವಾಗ 1876ರ ಭೀಕರ ಬರ ಬಂತು. ಇತಿಹಾಸದ ಪ್ರಶ್ನೆಪತ್ರಿಕೆಗೆ ಬೇಕಾದ ಇಸವಿಗಳೆಲ್ಲ ಈ ಒಬ್ಬ ಮನುಷ್ಯನ ಆಯಸ್ಸಿನೊಳಗೆ ಬಂದು ಹೋಗಿವೆ. ಆದರೆ ನಾಡಿನ ಬಾಯಲ್ಲಿ ಉಳಿದಿರುವ ಅವರ ಪದಗಳಲ್ಲಿ ರಾಜರ ಯುದ್ಧಗಳಿಗಿಂತ ಕೋಳಿ, ಮುದುಕಿ, ತಂಬೂರಿ, ಹುಕ್ಕಾ, ಸೋರುವ ಮನೆಗಳೇ ಹೆಚ್ಚು. ಹೊಸದಾಗಿ ಬಂದ ಗಿರಣಿಯ ಮೇಲೂ ಒಂದು ಪದ ಇದೆ. ಎಲ್ಲರೂ ಬಾಯಿಬಿಟ್ಟು ನೋಡುತ್ತಿದ್ದ ಯಂತ್ರದಲ್ಲಿ ಅವರಿಗೆ ಮನುಷ್ಯನ ದೇಹ ಕಂಡಿತು.

ಹುಡುಗ ಚುರುಕು. ಕನ್ನಡ ಕಲಿತ, ರಾಮಾಯಣ, ಮಹಾಭಾರತ ಓದಿದ, ಅಲ್ಲಮಪ್ರಭುವಿನ ವಚನಗಳ ರುಚಿ ಹತ್ತಿಸಿಕೊಂಡ. ಮುಲ್ಕಿ ಪರೀಕ್ಷೆ ಪಾಸು ಮಾಡಿದ. ಮುಲ್ಕಿ ಅಂದರೆ ಆ ಕಾಲದಲ್ಲಿ ದೊಡ್ಡ ಮಾತು. ಅದಾದರೆ ಸರ್ಕಾರಿ ಶಾಲೆಯಲ್ಲಿ ಮಾಸ್ತರಿಕೆ ಸಿಗುತ್ತಿತ್ತು. ಶರೀಫರಿಗೂ ಸಿಕ್ಕಿತು. ಸುತ್ತಲಿನ ಹಳ್ಳಿಗಳ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದರು.

ಆಮೇಲೆ ಆ ಕೆಲಸ ಬಿಟ್ಟರು.

ಈ ಸಾಲಿನ ಹತ್ತಿರ ನಾನು ಪುಸ್ತಕ ಮುಚ್ಚಿಟ್ಟೆ. ಯಾಕೆಂದರೆ ನಾನು ಮೂರು ವರ್ಷದಿಂದ ಓದುತ್ತಿರುವುದು ಅದೇ ಕೆಲಸಕ್ಕೆ. ಟಿಇಟಿ ಆಗಿದೆ, ನೇಮಕಾತಿ ಪರೀಕ್ಷೆಯಲ್ಲಿ ಒಮ್ಮೆ ನಾಲ್ಕು ಅಂಕಕ್ಕೆ ಹೋಯಿತು. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಬೇಕು ಅನ್ನುವುದು ನನ್ನ ಅಪ್ಪನ ಕನಸು, ಈಗ ನನ್ನದೂ ಹೌದು. ಕೈಗೆ ಬಂದ ಮಾಸ್ತರಿಕೆ ಬಿಟ್ಟು ಏಕತಾರಿ ಹಿಡಿದ ಮನುಷ್ಯನ ಕತೆಯನ್ನು ಮೋಟಿವೇಶನ್ ಭಾಷಣದವರು ಹೇಳಿದರೆ ಹಾಲ್ ತುಂಬ ಚಪ್ಪಾಳೆ ಬೀಳುತ್ತದೆ. ವಿದ್ಯಾನಗರದ ಬಾಡಿಗೆ ರೂಮಿನಲ್ಲಿ ಕೂತು ಓದಿದರೆ ಚಪ್ಪಾಳೆ ಬರುವುದಿಲ್ಲ, ಸಿಟ್ಟು ಬರುತ್ತದೆ. ಅವರಿಗೆ ಸಿಕ್ಕಿತ್ತು, ಬಿಟ್ಟರು. ಸಿಗದವನು ಏನು ಬಿಡಬೇಕು?

ಎರಡು ದಿನ ಬಿಟ್ಟು ಮತ್ತೆ ತೆರೆದೆ. ಅವರು ಬಿಟ್ಟದ್ದು ಹಾಡಿ ಹೆಸರು ಮಾಡುವುದಕ್ಕಲ್ಲ, ಒಬ್ಬ ಗುರುವಿನ ಹಿಂದೆ ಹೋಗುವುದಕ್ಕೆ. ಕಳಸದ ಗೋವಿಂದಭಟ್ಟರು. ಕುಂದಗೋಳದ ಹತ್ತಿರದ ಊರು ಅದು, ನಮ್ಮ ಮಲೆನಾಡಿನ ಕಳಸವಲ್ಲ. ಗೋವಿಂದಭಟ್ಟರು ಸ್ಮಾರ್ತ ಬ್ರಾಹ್ಮಣರು. ಜಾತಿ, ಮಡಿ ಯಾವುದನ್ನೂ ಲೆಕ್ಕಕ್ಕಿಟ್ಟುಕೊಳ್ಳದೆ ಮನಸ್ಸು ಬಂದ ಕಡೆ ಉಂಡು, ಮನಸ್ಸು ಬಂದ ಕಡೆ ಮಲಗುವ ಮನುಷ್ಯ. ಮೊದಲ ಭೇಟಿಯಲ್ಲಿ ಅವರು ಹುಡುಗನ ಅಪ್ಪ ಯಾರೆಂದು ಕೇಳಿದರಂತೆ. ನಿಮಗೂ ನನಗೂ ಅಪ್ಪ ಒಬ್ಬನೇ ಎಂಬರ್ಥದ ಉತ್ತರ ಬಂತಂತೆ. ಅಲ್ಲಿಗೆ ಗುರು ಶಿಷ್ಯನನ್ನು ಒಪ್ಪಿಕೊಂಡ. ಈ ಕತೆ ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು.

ಊರವರು ಸುಮ್ಮನಿರಲಿಲ್ಲ. ಸಾಬರ ಹುಡುಗನನ್ನು ಮನೆಯೊಳಗೆ ಬಿಟ್ಟುಕೊಂಡು, ಜೊತೆಗೆ ಕೂತು ಉಣ್ಣುವ ಭಟ್ಟರ ಮೇಲೆ ಬ್ರಾಹ್ಮಣರು ತಿರುಗಿಬಿದ್ದರು. ಹುಡುಗ ಕೆಟ್ಟ ಎಂದು ಮುಸಲ್ಮಾನರೂ ಮುನಿಸಿಕೊಂಡರು. ಗೋವಿಂದಭಟ್ಟರು ಕೊಟ್ಟ ಉತ್ತರ ಮಾತಿನದಲ್ಲ. ಶರೀಫರ ಕೊರಳಿಗೆ ಜನಿವಾರ ಹಾಕಿಬಿಟ್ಟರು. ಆ ಜನಿವಾರದ ಮೇಲೆ ಶರೀಫರದೇ ಒಂದು ಪದ ಇದೆ, ಇವತ್ತಿಗೂ ಹಾಡುತ್ತಾರೆ. ಹಾಗಂತ ಶರೀಫರು ತಮ್ಮ ಮನೆತನದ ದಾರಿ ಬಿಟ್ಟು ಬಂದವರಲ್ಲ. ಮೊಹರಂ ಹಬ್ಬದಲ್ಲಿ ಹಾಡುವ ರಿವಾಯತ ಪದಗಳನ್ನೂ ಅವರು ಕಟ್ಟಿದ್ದಾರೆ. ಅತ್ತ ಊರಿನ ಬಸವಣ್ಣನ ಗುಡಿಯಲ್ಲಿ ಧ್ಯಾನಕ್ಕೂ ಕೂರುತ್ತಿದ್ದರು. ಪದಗಳ ಕೊನೆಗೆ ಬರುವ ಶಿಶುನಾಳಾಧೀಶ ಎಂಬ ಅಂಕಿತ ಆ ಊರ ದೇವರದ್ದೇ. ಈಗಿನ ನಮ್ಮ ಗಾಯಕರು ಆಲ್ಬಂ ಮುಖಪುಟದ ಮೇಲೆ ತಮ್ಮ ಹೆಸರು ಎಷ್ಟು ದೊಡ್ಡದಾಗಿ ಬರಬೇಕು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಈ ಅಜ್ಜ ತನ್ನ ಹಾಡಿಗೆ ಊರ ದೇವರ ಸಹಿ ಹಾಕಿದ.

ಕುಂದಗೋಳದ ಫಾತಿಮಾ ಜೊತೆ ಮದುವೆಯಾಯಿತು, ಒಂದು ಹೆಣ್ಣು ಮಗುವಾಯಿತು. ಹೆಂಡತಿ ಬೇಗ ತೀರಿಕೊಂಡರು. ಆಮೇಲೆ ಸಂಸಾರ ಅಂತ ಹೆಚ್ಚೇನೂ ಉಳಿಯಲಿಲ್ಲ. ಊರೂರು ತಿರುಗಾಟ, ಗುರುವಿನ ಸಂಗ, ಸಾಧು ಸಂತರ ಭೇಟಿ, ಪದ. ಬಡತನವೂ ಜೊತೆಗಿತ್ತು. ಹುಬ್ಬಳ್ಳಿಯ ಸಿದ್ಧಾರೂಢರು, ನವಲಗುಂದದ ನಾಗಲಿಂಗಸ್ವಾಮಿ ಇವರ ಕಾಲದವರೇ. ಇವರೆಲ್ಲ ಸೇರಿದಾಗ ಏನೇನಾಯಿತು ಎಂಬ ಕತೆಗಳಿಗೆ ಲೆಕ್ಕವಿಲ್ಲ. ಪವಾಡದ ಕತೆಗಳನ್ನು ನಾನು ಇಲ್ಲಿ ಹೇಳುವುದಿಲ್ಲ. ಪವಾಡ ಬೇಡದಷ್ಟು ವಿಷಯ ಪದಗಳಲ್ಲೇ ಇದೆ.

ಆ ಪದಗಳು ಹುಟ್ಟಿದ ಬಗೆ ನೋಡಿ. ಬರೆದು, ತಿದ್ದಿ, ಪುಸ್ತಕ ಮಾಡುವ ಯೋಚನೆಯೇ ಇಲ್ಲ. ದಾರಿಯಲ್ಲಿ ಏನೋ ಕಣ್ಣಿಗೆ ಬೀಳುತ್ತದೆ, ಅಲ್ಲೇ ಪದ ಹುಟ್ಟುತ್ತದೆ. ಕೇಳಿದವನು ಬಾಯಿಪಾಠ ಮಾಡಿಕೊಳ್ಳುತ್ತಾನೆ. ಕೆಲವರು ಬರೆದಿಟ್ಟುಕೊಂಡರು, ಎಷ್ಟೋ ಗಾಳಿಗೆ ಹೋದವು. ಭಾಷೆ ಧಾರವಾಡ ಸೀಮೆಯ ಮನೆಮಾತು. ಅರ್ಥ ಮಾತ್ರ ಎರಡು ಅಂತಸ್ತಿನದು. ಕೋಳಿಯೊಂದು ಮಂಗನನ್ನು ನುಂಗುವ ಪದವನ್ನು ನಾವೆಲ್ಲ ಪ್ರೈಮರಿಯಲ್ಲಿ ನಗುತ್ತ ಹಾಡಿದ್ದೇವೆ. ಚಿಕ್ಕದು ದೊಡ್ಡದನ್ನು ನುಂಗುತ್ತಾ ಹೋಗಿ ಕೊನೆಗೆ ಗುರುವಿನ ಪಾದ ಹಾಡುವವನನ್ನೇ ನುಂಗುತ್ತದೆ ಅನ್ನುವಲ್ಲಿಗೆ ಅದು ನಿಲ್ಲುತ್ತದೆ. ಅಲ್ಲಮನ ಬೆಡಗಿನ ವಚನ ಓದಿದವರಿಗೆ ಈ ದಾರಿ ಪರಿಚಿತ. ಓದದವರಿಗೂ ತಾಳ ಹಿಡಿಯಲು ಅಡ್ಡಿಯಿಲ್ಲ. ರಾಕ್ ಬ್ಯಾಂಡಿನವರು ಈ ಪದಗಳನ್ನು ಯಾಕೆ ಎತ್ತಿಕೊಂಡರು ಅನ್ನುವುದಕ್ಕೆ ನನಗೆ ಹೊಳೆದ ಕಾರಣವೂ ಇದೇ: ಪಲ್ಲವಿ ಒಮ್ಮೆ ಕೇಳಿದರೆ ಸಾಕು, ಇಡೀ ಮೈದಾನ ಜೊತೆಗೆ ಹಾಡಬಲ್ಲದು.

ಸೋರುವ ಮಾಳಿಗೆಯ ಪದ ನನಗೆ ಅರ್ಥವಾದದ್ದು ಸವಣೂರಿನವನಿಂದ. ನಮ್ಮ ಕಡೆ ಮಾಳಿಗೆ ಅಂದರೆ ಮೇಲಿನ ಮಹಡಿ. ಹೆಂಚಿನ ಮನೆ ಸೋರಿದರೆ ಒಂದು ಹೆಂಚು ಸರಿಸಿದರೆ ಆಯಿತು. ಅವರ ಕಡೆ ಹಳೆಯ ಮನೆಗಳ ಮಾಳಿಗೆ ಮಣ್ಣಿನದು, ಮಟ್ಟಸ. ವರ್ಷಾ ವರ್ಷ ಮಳೆಗಾಲಕ್ಕೆ ಮುಂಚೆ ಯಾರಾದರೂ ಮೇಲೆ ಹತ್ತಿ ಮಣ್ಣು ಹಾಕಿ ಬಿಗಿ ಮಾಡಬೇಕು. ಮಾಡದಿದ್ದರೆ ಎಲ್ಲಿ ಸೋರುತ್ತಿದೆ ಅಂತಲೂ ತಿಳಿಯದ ಹಾಗೆ ಇಡೀ ಮನೆ ಒದ್ದೆ. ಕತ್ತಲಲ್ಲಿ, ಸುರಿವ ಮಳೆಯಲ್ಲಿ ಮೇಲೆ ಹತ್ತುವವರು ಯಾರು? ಆ ಪದದಲ್ಲಿ ಇರುವುದು ಈ ಸಂಕಟ. ಮನೆ ಅಂದರೆ ಮೈಯೂ ಹೌದು, ಮನಸ್ಸೂ ಹೌದು. ಆದರೆ ಮೊದಲು ಅದು ಮನೆ.

ಕೊನೆಗಾಲದ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಶರಣರ ಪದ್ಧತಿಯಂತೆ ಜಂಗಮರ ಪಾದ ತಲೆಯ ಮೇಲೆ ಇರಿಸಿಕೊಂಡು ಪ್ರಾಣ ಬಿಡಬೇಕೆಂಬ ಆಸೆ ಅವರಿಗೆ ಇತ್ತಂತೆ. ಜೀವಮಾನವಿಡೀ ಇವರ ಪದ ಕೇಳಿದ ಜನರೇ ಮುಸಲ್ಮಾನನ ತಲೆಯ ಮೇಲೆ ಪಾದ ಇಡಲು ಹಿಂಜರಿದರು. ಕಡೆಗೆ ಹಿರೇಮಠದ ಕರಿಬಸವಯ್ಯನವರು ಒಪ್ಪಿದರು ಎಂದು ಹೇಳುತ್ತಾರೆ. 1889ರಲ್ಲಿ ಶರೀಫರು ತೀರಿಕೊಂಡರು. ಎಪ್ಪತ್ತು ವರ್ಷದ ಬದುಕು. ಶವದ ಮುಂದೆ ಹಿಂದೂಗಳಿಗೂ ಮುಸಲ್ಮಾನರಿಗೂ ಜಗಳ ಎದ್ದು, ಆಮೇಲೆ ರಾಜಿಯಾಗಿ, ಒಂದು ಕಡೆ ಕುರಾನ್ ಪಠಣ, ಇನ್ನೊಂದು ಕಡೆ ಮಂತ್ರ, ಎರಡೂ ನಡೆದವಂತೆ. ಶಿಶುನಾಳದ ಗದ್ದುಗೆಗೆ ಈಗಲೂ ಎರಡೂ ಕಡೆಯವರು ಬರುತ್ತಾರೆ. ಇದನ್ನು ಭಾವೈಕ್ಯ ಅಂತ ಎರಡು ಅಂಕದ ಉತ್ತರದಲ್ಲಿ ಬರೆಯುತ್ತೇವೆ. ಆದರೆ ಸಾಯುವ ಮನುಷ್ಯನ ತಲೆಯ ಮೇಲೆ ಒಂದು ಪಾದ ಇಡಲು ಊರಿಗೆ ಊರೇ ಹಿಂಜರಿದ ಆ ಹೊತ್ತನ್ನು ಯಾವ ಉತ್ತರದಲ್ಲೂ ಬರೆಯುವುದಿಲ್ಲ.

ಶರೀಫರು ಬದುಕಿದ್ದಾಗಲೇ, 1877ರಲ್ಲಿ, ಅಮೆರಿಕದ ಎಡಿಸನ್ ಧ್ವನಿ ಹಿಡಿದಿಡುವ ಯಂತ್ರ ಮಾಡಿದ್ದ. ಭಾರತದಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದ್ದು 1902ರಲ್ಲಿ, ಅಂದರೆ ಶರೀಫರು ಹೋಗಿ ಹದಿಮೂರು ವರ್ಷಕ್ಕೆ. ಅವರ ದನಿ ಹೇಗಿತ್ತು ಎಂದು ಹೇಳಬಲ್ಲ ಒಂದು ತಟ್ಟೆಯೂ ಇಲ್ಲ. ಹಾಗಾದರೆ ಪದಗಳು ನಮ್ಮವರೆಗೆ ಹೇಗೆ ಬಂದವು? ಒಬ್ಬ ಇನ್ನೊಬ್ಬನಿಗೆ ಕೇಳು ಅಂದ, ಅಷ್ಟೇ. ಹೊಲದಲ್ಲಿ, ಜಾತ್ರೆಯಲ್ಲಿ, ಅಮಾವಾಸ್ಯೆಯ ಭಜನೆಯಲ್ಲಿ, ಸತ್ತವರ ಮನೆಯ ಅಂಗಳದಲ್ಲಿ ರಾತ್ರಿಯಿಡೀ ಏಕತಾರಿ, ತಾಳ, ದಮ್ಮಡಿಯ ಜೊತೆ. ಇಷ್ಟವಾಗದ ಹಾಡನ್ನು ಯಾರೂ ನೂರು ವರ್ಷ ಬಾಯಲ್ಲಿ ಇಟ್ಟುಕೊಂಡು ತಿರುಗುವುದಿಲ್ಲ. ನಾವು ಶನಿವಾರ ರಾತ್ರಿ ಮಾಡುವ ಕೆಲಸವನ್ನೇ ಅವರು ಪೀಳಿಗೆಗಟ್ಟಲೆ ಮಾಡಿದರು, ಚೊಂಬಿಲ್ಲದೆ.

ಈ ಸರಪಳಿಯಲ್ಲಿ ನಮ್ಮ ಶಿವಮೊಗ್ಗದ ಇಬ್ಬರಿದ್ದಾರೆ ಎಂದು ತಿಳಿದಾಗ ನನಗೆ ಹೆಮ್ಮೆಯಾಯಿತು, ಇಷ್ಟು ದಿನ ತಿಳಿಯದೆ ಇದ್ದದ್ದಕ್ಕೆ ನಾಚಿಕೆಯೂ ಆಯಿತು. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಹುಟ್ಟಿದ್ದು ಶಿವಮೊಗ್ಗದಲ್ಲಿ. ಶೇಕ್ಸ್‌ಪಿಯರ್, ಯೇಟ್ಸ್, ಎಲಿಯಟ್ ಇವರನ್ನೆಲ್ಲ ಕನ್ನಡಕ್ಕೆ ತಂದ ಮೇಷ್ಟ್ರು. ಉತ್ತರದ ಹಳ್ಳಿಗಳ ಭಜನೆಯಲ್ಲಿದ್ದ ಶರೀಫರ ಪದಗಳನ್ನು ಆರಿಸಿ ತಂದು, ಇಡೀ ನಾಡು ಕೇಳಬೇಕು ಎಂದು ಹಟ ಹಿಡಿದವರು ಅವರೇ. ಜನ ಅವರನ್ನು ಪ್ರೀತಿಯಿಂದ ಶರೀಫ ಭಟ್ಟ ಎಂದೇ ಕರೆದರು. ಗೋವಿಂದಭಟ್ಟರಾದ ಮೇಲೆ ಶರೀಫರಿಗೆ ಸಿಕ್ಕ ಇನ್ನೊಬ್ಬ ಭಟ್ಟರು! ಆ ಪದಗಳಿಗೆ ಸಿ. ಅಶ್ವತ್ಥ್ ರಾಗ ಹಾಕಿದರು. ಅಶ್ವತ್ಥ್ ಜೊತೆಗೆ ಹಾಡಿದ ಮುಖ್ಯ ದನಿಗಳಲ್ಲಿ ಒಂದು ಶಿವಮೊಗ್ಗ ಸುಬ್ಬಣ್ಣ ಅವರದ್ದು. ಕೋಳಿ ನುಂಗುವ ಪದ ಮನೆಮಾತಾದದ್ದು ಅವರ ಬಾಯಿಂದ. ಕ್ಯಾಸೆಟ್ ಕಾಲದಲ್ಲಿ ಅದು ಬಸ್ಸಿನಲ್ಲಿ, ಹೋಟೆಲಿನಲ್ಲಿ, ಗಣಪತಿ ಪೆಂಡಾಲಿನಲ್ಲಿ ಎಲ್ಲೆಲ್ಲೂ ಕೇಳುತ್ತಿತ್ತು ಅಂತ ಅಪ್ಪ ಹೇಳುತ್ತಾರೆ. 1990ರಲ್ಲಿ ಟಿ.ಎಸ್. ನಾಗಾಭರಣ ‘ಸಂತ ಶಿಶುನಾಳ ಶರೀಫ’ ಸಿನಿಮಾ ಮಾಡಿದರು. ಶ್ರೀಧರ್ ಶರೀಫರಾದರು, ಗಿರೀಶ್ ಕಾರ್ನಾಡ್ ಗೋವಿಂದಭಟ್ಟರಾದರು, ಸಂಗೀತ ಅಶ್ವತ್ಥ್ ಅವರದೇ. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು. ಆಮೇಲೆ 2008ರಲ್ಲಿ ಗಿಟಾರಿನ ಮೇಲೆ ರಘು ದೀಕ್ಷಿತ್.

ಮತ್ತೊಂದು ವಿಷಯ ಗಮನಿಸಿ. ಭಟ್ಟರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಮಾಡುತ್ತಿದ್ದರು. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ 27 ವರ್ಷ ನೌಕರಿ ಮಾಡಿದರು. ಸುಬ್ಬಣ್ಣ ವಕೀಲರು. ಕೆಲಸ ಬಿಟ್ಟ ಶರೀಫರನ್ನು ನಮ್ಮ ಕಿವಿಗೆ ಮುಟ್ಟಿಸಿದ ಮೂವರಿಗೂ ಒಂದೊಂದು ಕೆಲಸ ಇತ್ತು. ಇದನ್ನು ಓದಿದ ರಾತ್ರಿ ನನ್ನ ಸಿಟ್ಟು ಇಳಿಯಿತು. ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಶಿಶು ಮನೋವಿಜ್ಞಾನದ ಎರಡು ಅಧ್ಯಾಯ ಮುಗಿಸಿದೆ.

ಹೊಸ ಆಲ್ಬಂ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಎಲ್ಲಿಂದ ಶುರು ಮಾಡಬೇಕು ಅಂದರೆ, ನನ್ನ ಲೆಕ್ಕದಲ್ಲಿ ಸೋರುವ ಮಾಳಿಗೆಯಿಂದ. ಮೊದಲು ಅಶ್ವತ್ಥ್ ಹಾಡಿದ್ದು ಕೇಳಿ, ಆ ದನಿಯಲ್ಲಿ ಒಂದು ಕೂಗು ಇದೆ. ಆಮೇಲೆ ರಘು ದೀಕ್ಷಿತ್ ಅವರದ್ದು ಕೇಳಿ, 2008ರ ಆ ಆಲ್ಬಮ್ಮಿನಲ್ಲೇ ಇದೆ. ಭದ್ರಾವತಿಯವನಿಗೆ ಎರಡನೆಯದು ಮೇಲು, ನನಗೆ ಮೊದಲನೆಯದು. ಈ ಜಗಳ ನಮ್ಮ ರೂಮಿನಲ್ಲಿ ಇನ್ನೂ ತೀರಿಲ್ಲ.

ಕಳೆದ ಶನಿವಾರ ಸವಣೂರಿನವನ ಸರದಿ. ಅವನು ಆಲ್ಬಂ ತಂದಿರಲಿಲ್ಲ. ಅವನ ಸೋದರಮಾವ ಊರಿನ ಭಜನೆಯನ್ನು ಮೊಬೈಲಿನಲ್ಲಿ ಹಿಡಿದು ಕಳಿಸಿದ್ದರು. ಹೆಸರಿಲ್ಲ, ಮುಖಪುಟವಿಲ್ಲ, ನಲವತ್ತು ನಿಮಿಷದ ಒಂದೇ ಫೈಲು. ನಡುವೆ ನಾಯಿ ಬೊಗಳುತ್ತದೆ, ಯಾರೋ ಚಹಾ ಬಂತು ಅನ್ನುತ್ತಾರೆ, ಮತ್ತೆ ದಮ್ಮಡಿ ಎದ್ದೇಳುತ್ತದೆ. ನಿಯಮದಂತೆ ಏನನ್ನೂ ದಾಟಿಸಲಿಲ್ಲ. ಹೊರಗೆ ಜೋರು ಮಳೆ ಹಿಡಿದಿತ್ತು. ಅರ್ಧದಲ್ಲಿ ಕಿಟಕಿ ಪಕ್ಕದ ಮೂಲೆಯಲ್ಲಿ ಸೀಲಿಂಗಿನಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ಭದ್ರಾವತಿಯವನು ಹಾಡು ನಿಲ್ಲಿಸದೆ ಎದ್ದು ಹೋಗಿ ಅಲ್ಲಿ ಬಕೆಟ್ ಇಟ್ಟು ಬಂದ.